ದವಡೆ ಯಾವ ಇಲಾಖೆಗೆ ಸೇರಿದ್ದು?

ಚಾಮರಾಜನಗರದವರ ಜ್ಞಾಪಕಶಕ್ತಿಯ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಯಾವ ಮುಖ್ಯಮಂತ್ರಿ ಈ ಊರಿಗೆ ಕಾಲಿಟ್ಟರು, ಇಟ್ಟ ಮೇಲೆ ಎಷ್ಟು ದಿನಕ್ಕೆ ಕುರ್ಚಿ ಕಳೆದುಕೊಂಡರು ಎಂಬ ಲೆಕ್ಕವನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಯಾರನ್ನು ಕೇಳಿದರೂ ಒಪ್ಪಿಸುತ್ತಾರೆ. ವೀರೇಂದ್ರ ಪಾಟೀಲರು, ಗುಂಡೂರಾಯರು, ಹೆಗಡೆಯವರು, ಬೊಮ್ಮಾಯಿಯವರು. ಈ ಪಟ್ಟಿಗೆ ಹೆದರಿಯೇ 1997ರಲ್ಲಿ ಜೆ.ಎಚ್. ಪಟೇಲರು ಜಿಲ್ಲೆಯ ಉದ್ಘಾಟನೆಯನ್ನು ಊರ ತಂಟೆಗೆ ಬರದೆ ಮಲೆ ಮಹದೇಶ್ವರ ಬೆಟ್ಟದಲ್ಲೇ ಮುಗಿಸಿದರು ಎನ್ನುತ್ತಾರೆ. ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಬಂದುಹೋಗಿ ಐದು ವರ್ಷ ಪೂರೈಸಿದಾಗ ನಂಬಿಕೆ ಕೊಂಚ ಅಲುಗಾಡಿತು. 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತರಲ್ಲ, ಮತ್ತೆ ಗಟ್ಟಿಯಾಯಿತು.

ಕಾರ್ಯ ಕಾರಣ ಸಂಬಂಧವನ್ನು ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿರುವ ಜಿಲ್ಲೆಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ: ಹೋದ ವರ್ಷ ನಿಮ್ಮವ್ವನಿಗೆ ಡ್ರಿಪ್ಪಿನಲ್ಲಿ ಹಾಕಿಸಿದ ಮೂಳೆ ಇಂಜಕ್ಷನ್ನಿನ ಹೆಸರೇನು?

ಬೆಂಚು ನಿಶ್ಶಬ್ದ. ಒಬ್ಬರು ತಲೆ ಕೆರೆದುಕೊಳ್ಳುತ್ತಾರೆ. ಇನ್ನೊಬ್ಬರು ಬೆಲೆ ಹೇಳುತ್ತಾರೆ.

ಹೆಸರು ಗೊತ್ತಿಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದರೆ, ಕೆಲವೊಮ್ಮೆ ದವಡೆ ಹೋಗುತ್ತದೆ. ಉತ್ಪ್ರೇಕ್ಷೆ ಅಲ್ಲ. ಮೂಳೆ ಸವೆತಕ್ಕೆ ಕೊಡುವ ವಾರದ ಮಾತ್ರೆ ಅಲೆಂಡ್ರೋನೇಟ್, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಹಾಕುವ ಜೋಲೆಡ್ರೋನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೋಸುಮ್ಯಾಬ್, ಇವೆಲ್ಲ ಒಳ್ಳೆಯ ಔಷಧಗಳೇ. ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಒಟ್ಟಿಗೆ ದುಡಿಯುತ್ತವೆ. ವಯಸ್ಸಾದ ಮೇಲೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ, ಕರಗಿಸುವವು ಮೇಲುಗೈ ಸಾಧಿಸುತ್ತವೆ. ಈ ಔಷಧಗಳು ಅವುಗಳ ಕೈ ಕಟ್ಟಿಹಾಕುತ್ತವೆ. ಸೊಂಟ ಮುರಿಯುವುದು, ಬೆನ್ನುಮೂಳೆಯ ಮಣಿ ಕುಸಿಯುವುದು ಕಡಿಮೆಯಾಗುತ್ತದೆ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇವುಗಳಲ್ಲಿ ಕೊನೆಯ ಎರಡನ್ನು ತಿಂಗಳಿಗೊಮ್ಮೆ, ಒಟ್ಟಾರೆ ಬಹಳ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ.

ತೊಡಕಿರುವುದು ದವಡೆಯಲ್ಲಿ. ಮೈಯ ಬೇರೆ ಮೂಳೆಗಳೆಲ್ಲ ಚರ್ಮ, ಮಾಂಸದ ಕೆಳಗೆ ಬೆಚ್ಚಗಿವೆ. ದವಡೆಯಿಂದ ಮಾತ್ರ ಹಲ್ಲುಗಳು ಹೊರಕ್ಕೆ ಚಾಚಿಕೊಂಡಿವೆ. ಅದರ ಮೇಲಿರುವುದು ತೆಳ್ಳನೆಯ ವಸಡು, ಸುತ್ತಲೂ ಎಂಜಲು, ಎಂಜಲಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾ. ಅಗಿದು ಅಗಿದು ಸವೆಯುವ ಈ ಮೂಳೆ ಸದಾ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿರಬೇಕು. ಆ ರಿಪೇರಿಯನ್ನೇ ಔಷಧ ನಿಧಾನಗೊಳಿಸಿರುವಾಗ ಒಂದು ಹಲ್ಲು ಕಿತ್ತರೆ ಕೆಲವೊಮ್ಮೆ ಗುಳಿ ಮುಚ್ಚುವುದಿಲ್ಲ. ಮೂಳೆ ಬೆಳ್ಳಗೆ ಇಣುಕುತ್ತದೆ. ಕೀವಾಗುತ್ತದೆ. ಎಂಟು ವಾರ ಕಳೆದರೂ ಮೂಳೆ ಹಾಗೇ ತೆರೆದುಕೊಂಡಿದ್ದು, ರೋಗಿ ಇಂಥ ಔಷಧ ತೆಗೆದುಕೊಂಡಿದ್ದು, ದವಡೆಗೆ ವಿಕಿರಣ ಚಿಕಿತ್ಸೆ ಆಗಿರದಿದ್ದರೆ ಇದು ಔಷಧದಿಂದ ದವಡೆ ಮೂಳೆ ಸತ್ತದ್ದೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಕೆಳದವಡೆಗೆ ಹೆಚ್ಚು, ಮೇಲಿನದಕ್ಕೆ ಕಡಿಮೆ. ಮುಂದೆ ಹೋದರೆ ಗಲ್ಲದಲ್ಲಿ ತೂತು ಬಿದ್ದು ಕೀವು ಹೊರಗೇ ಹರಿಯುತ್ತದೆ, ಕೊನೆಗೆ ದವಡೆಯೇ ಮುರಿಯುತ್ತದೆ.

ಇಷ್ಟಕ್ಕೆಲ್ಲ ಬೇಕಾದದ್ದು ಒಂದು ಹಲ್ಲುನೋವು ಮತ್ತು ಯಾರೂ ಕೇಳದ ಒಂದು ಪ್ರಶ್ನೆ. ಹಲ್ಲುನೋವು ದೇವರು ಕೊಡುತ್ತಾನೆ. ಪ್ರಶ್ನೆ ಕೇಳದಿರುವ ವ್ಯವಸ್ಥೆಯನ್ನು ನಾವೇ ಕಷ್ಟಪಟ್ಟು ಕಟ್ಟಿದ್ದೇವೆ.

ಗುಂಡ್ಲುಪೇಟೆಯ ಆಸುಪಾಸಿನ ಒಬ್ಬ ಅವ್ವನನ್ನು ಕಲ್ಪಿಸಿಕೊಳ್ಳಿ. ಯಾವ ಊರಾದರೂ ಆದೀತು. ತೆರಕಣಾಂಬಿ ಅನ್ನಿ, ಬೇಗೂರು ಅನ್ನಿ, ಹಂಗಳ ಅನ್ನಿ. ಅರವತ್ತೈದು ದಾಟಿದೆ. ಈರುಳ್ಳಿ ಕಿತ್ತು, ಚೆಂಡು ಹೂ ಬಿಡಿಸಿ ಬೆನ್ನು ಬಾಗಿದೆ. ಮೈಸೂರಿನಲ್ಲಿರುವ ಮಗ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದ್ದಾನೆ. ಅವರು ಯಂತ್ರದಲ್ಲಿ ನೋಡಿ, ಮೂಳೆ ಟೊಳ್ಳಾಗಿದೆ ಎಂದು ವಾರದ ಮಾತ್ರೆ ಬರೆದಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬಾರದು. ಅವ್ವ ಇದನ್ನು ಭಾನುವಾರದ ಮಾತ್ರೆ ಎಂದು ಕರೆದು, ಒಂದು ವಾರವೂ ತಪ್ಪಿಸದೆ ವ್ರತದ ಹಾಗೆ ನುಂಗಿದ್ದಾಳೆ. ಬಾಯಿ ತೆರೆದು ತೋರಿಸಲು ಅವಳಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ, ಎಲೆ ಅಡಿಕೆ ಕಡ್ಡಿಪುಡಿಯಲ್ಲಿ ನಲವತ್ತು ವರ್ಷ ನೆನೆದ, ಬೇರು ಸಡಿಲವಾದ ನಾಲ್ಕು ದವಡೆ ಹಲ್ಲು ಕಾಣುತ್ತಿದ್ದವು. ಅವನ್ನು ಮೊದಲು ಕೀಳಿಸಿ, ವಸಡು ಮಾಗಿದ ಮೇಲೆ ಮಾತ್ರೆ ಶುರು ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಲ್ಲು ನೋಡುವುದು ಮೂಳೆ ಡಾಕ್ಟರ ಕೆಲಸವಲ್ಲ. ಹಲ್ಲು ಮೂಳೆಯಲ್ಲಿ ನೆಟ್ಟಿದೆ ಎಂಬುದು ಅವರಿಗೆ ಮೊದಲನೇ ವರ್ಷದಲ್ಲೇ ಪಾಠವಾಗಿದ್ದು, ಪರೀಕ್ಷೆ ಮುಗಿದಿದೆ.

ಮೂರ್ನಾಲ್ಕು ವರ್ಷ ಕಳೆದು ದವಡೆ ಊದುತ್ತದೆ. ಲವಂಗದ ಎಣ್ಣೆ ಆಗುತ್ತದೆ, ಎಕ್ಕದ ಹಾಲು ಆಗುತ್ತದೆ, ಮೆಡಿಕಲ್ ಸ್ಟೋರಿನವನು ಚೀಟಿ ಕೇಳದೆ ಕೊಟ್ಟ ಕೆಂಪು ಮಾತ್ರೆ ಆಗುತ್ತದೆ. ಕೊನೆಗೆ ಪೇಟೆಯ ಹಲ್ಲಿನ ಡಾಕ್ಟರು.

“ಬಿ.ಪಿ. ಇದೆಯಾ ಅಮ್ಮ?”

“ಇಲ್ಲ ಬುದ್ಧಿ.”

“ಶುಗರ್ರು?”

“ಅದೂ ಇಲ್ಲ. ಒಸಿ ಬೆನ್ನುನೋವು ಬುಟ್ರೆ ಗಟ್ಟಿಮುಟ್ಟಾಗಿವ್ನಿ ಕನಪ್ಪ.”

ವಿಚಾರಣೆ ಮುಗಿಯಿತು. ಭಾರತದ ಸಮಸ್ತ ಕಾಯಿಲೆಗಳನ್ನು ಬಿ.ಪಿ. ಮತ್ತು ಶುಗರ್ ಎಂಬ ಎರಡು ಕೋಣೆಗಳಲ್ಲಿ ತುಂಬಿಸಿ ಬೀಗ ಹಾಕಿರುವಾಗ ಮೂರನೆಯ ಪ್ರಶ್ನೆಗೆ ಜಾಗವೆಲ್ಲಿ? ಬೆನ್ನುನೋವಿಗೆ ಏನು ತಗೊಳ್ತೀರಿ ಎಂದು ಕೇಳಿದ್ದರೂ ಅವ್ವನ ಉತ್ತರ ಗೊತ್ತಿರುವಂಥದೇ: “ಅದ್ ಕಾಯ್ಲದ್ ಮಾತ್ರ ಅಲ್ಲ ಬುದ್ಧಿ, ಮೂಳ ಗಟ್ಟಿಯಾಗದು.” ಚುಚ್ಚಿ ಮರಗಟ್ಟಿಸಿ ಎರಡು ನಿಮಿಷದಲ್ಲಿ ಹಲ್ಲು ಕಿತ್ತು ತಟ್ಟೆಗೆ ಹಾಕುತ್ತಾರೆ. ಬಹಳ ಚೆನ್ನಾಗಿ ಕೀಳುತ್ತಾರೆ, ನೋವೇ ಆಗುವುದಿಲ್ಲ. ನೋವು ಆಮೇಲೆ ಬರುತ್ತದೆ.

ಇಲ್ಲಿ ಯಾರ ತಪ್ಪೂ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮೂಳೆಯವರು ಮೂಳೆ ನೋಡಿದರು, ಹಲ್ಲಿನವರು ಹಲ್ಲು ನೋಡಿದರು. ದೇಶದ ಕಾನೂನೂ ಇವರಿಬ್ಬರನ್ನು ಬೇರೆ ಬೇರೆ ಪಂಕ್ತಿಯಲ್ಲೇ ಕೂರಿಸಿದೆ. ಹಲ್ಲಿನ ವೈದ್ಯರಿಗೆ 1948ರಲ್ಲೇ ತಮ್ಮದೇ ದಂತವೈದ್ಯ ಕಾಯ್ದೆ, ಅದರಡಿ ತಮ್ಮದೇ ಪರಿಷತ್ತು ಬಂತು. ಉಳಿದವರಿಗೆ ಬೇರೆ. ಇದನ್ನೆಲ್ಲ ಸುಧಾರಿಸಲು ಹೊರಟ ಸರ್ಕಾರ 2019ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಒಂದು ಕಾಯ್ದೆ ತಂದಿತು, 2023ರಲ್ಲಿ ರಾಷ್ಟ್ರೀಯ ದಂತ ಆಯೋಗಕ್ಕೆ ಇನ್ನೊಂದು. ಸುಧಾರಣೆಯೂ ಎರಡಾಗಿಯೇ ಆಯಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನೊಗ ಮಾತ್ರ ಅವ್ವನ ಬಾಯಲ್ಲಿತ್ತು.

ಗುಂಡ್ಲುಪೇಟೆಯವರಿಗೆ ಗಡಿ ಎಂದರೇನೆಂದು ಬೇರೆ ಹೇಳಿಕೊಡಬೇಕಿಲ್ಲ. ಊರು ದಾಟಿದರೆ ಒಂದು ದಾರಿ ಸುಲ್ತಾನ್ ಬತ್ತೇರಿಗೆ, ಒಂದು ಊಟಿಗೆ. ಎರಡಕ್ಕೂ ಬಂಡೀಪುರ ಅಡ್ಡ. 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟು ಬಿದ್ದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಜಿಂಕೆಗೆ ಲಾರಿ ಬಡಿಯಬಾರದೆಂದು ಕೋರ್ಟಿನಲ್ಲಿ ಎರಡು ರಾಜ್ಯಗಳು ವರ್ಷಗಟ್ಟಲೆ ಗುದ್ದಾಡಿವೆ. ಗೇಟು ಇರಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಬತ್ತೇರಿ ದಾರಿಯ ಮದ್ದೂರು ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ, ಎಲ್ಲಿಂದ ಬಂದಿರಿ, ಡಿಕ್ಕಿಯಲ್ಲಿ ಏನಿದೆ ಎಂದು ಕೇಳುವ ಹಾಗೆ, ಇಕ್ಕಳ ಹಿಡಿದವರು ಅವ್ವನ ಪ್ಲಾಸ್ಟಿಕ್ ಕವರಿನಲ್ಲಿ ಏನಿದೆ ಎಂದು ಒಮ್ಮೆ ಕೇಳಿದ್ದರೆ ಅಷ್ಟೇ ಸಾಕಿತ್ತು. ಕಾಡಿನ ಆನೆಗಿರುವ ಭದ್ರತೆ ಬಾಯೊಳಗಿನ ಮೂಳೆಗಿಲ್ಲ. ಆನೆಗಾದರೆ ದಂತ ಹೋದರೆ ಕೇಸು ಬೀಳುತ್ತದೆ.

ಆ ಪ್ಲಾಸ್ಟಿಕ್ ಕವರು, ನಿಜ ಹೇಳಬೇಕೆಂದರೆ, ನಮ್ಮ ಸೀಮೆಯ ಆರೋಗ್ಯ ದಾಖಲಾತಿ ವ್ಯವಸ್ಥೆ. ಜವಳಿ ಅಂಗಡಿಯ ಹೆಸರಿರುವ ಕವರಿನೊಳಗೆ ಎಕ್ಸ್‌ರೇ, ಸುಕ್ಕಾದ ಚೀಟಿಗಳು, ಅರ್ಧ ಕತ್ತರಿಸಿದ ಮಾತ್ರೆ ಪಟ್ಟಿ, ಜೊತೆಗೆ ಬೆಟ್ಟದ ವಿಭೂತಿ. ಮಾತ್ರೆ ಪಟ್ಟಿ ಕತ್ತರಿಸುವಾಗ ಹೆಸರಿರುವ ತುದಿಯೇ ಮೊದಲು ಹೋಗುತ್ತದೆ. ಡ್ರಿಪ್ಪಿನಲ್ಲಿ ಹೋದ ಔಷಧಕ್ಕಂತೂ ಪಟ್ಟಿಯೂ ಇಲ್ಲ. ಬಾಟಲಿ ಆಸ್ಪತ್ರೆಯ ಕಸದಬುಟ್ಟಿಗೆ, ಔಷಧ ಮೂಳೆಗೆ. ಅಲೆಂಡ್ರೋನೇಟ್, ಜೋಲೆಡ್ರೋನಿಕ್ ಆಸಿಡ್ ಇರುವ ಗುಂಪಿನ ಔಷಧಗಳು ಒಮ್ಮೆ ಮೂಳೆಗೆ ಅಂಟಿಕೊಂಡರೆ ವರ್ಷಗಟ್ಟಲೆ ಅಲ್ಲೇ ಠಿಕಾಣಿ. ಈ ಗುಂಪಿನ ರಾಸಾಯನಿಕಗಳು ಆಸ್ಪತ್ರೆಗೆ ಬರುವ ಮೊದಲು ಕಾರ್ಖಾನೆಗಳ ಕೊಳವೆಯಲ್ಲಿ ಸುಣ್ಣ ಕಟ್ಟದಂತೆ ತಡೆಯುವ ಕೆಲಸದಲ್ಲಿದ್ದವು, ಅಂಟಿಕೊಳ್ಳುವುದು ಹುಟ್ಟುಗುಣ. ಅವ್ವ ಮರೆಯುತ್ತಾಳೆ, ಮಗ ಮರೆಯುತ್ತಾನೆ, ಬರೆದವರು ಮರೆಯುತ್ತಾರೆ. ಮೂಳೆ ಮರೆಯುವುದಿಲ್ಲ.

ಹಾಗೆಂದು ನಮ್ಮ ಜನ ಹಲ್ಲಿನ ವಿಚಾರದಲ್ಲಿ ಎಚ್ಚರಗೇಡಿಗಳೆಂದು ತಿಳಿಯಬೇಡಿ. ಭಯಂಕರ ಎಚ್ಚರ. “ಮ್ಯಾಲಿನ್ ಅಲ್ಲು ಕೀಳುಸ್ಬ್ಯಾಡ, ಕಣ್ ಓಯ್ತದ” ಎಂದು ಕೂಲಿಗೆ ಹೋಗುವವರಿಂದ ಹಿಡಿದು ಬಿ.ಎಡ್. ಮಾಡಿದವರವರೆಗೆ ಎಲ್ಲರೂ ಹೇಳುತ್ತಾರೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ ಎಂದು ಹಲ್ಲಿನ ಡಾಕ್ಟರುಗಳು ಬಾಯಿ ನೋಯಿಸಿಕೊಂಡು ಹೇಳಿದರೂ ಕೇಳುವವರಿಲ್ಲ. ಇಲ್ಲದ ಅಪಾಯಕ್ಕೆ ತಲೆಮಾರುಗಳ ಕಾವಲು, ಇರುವ ಅಪಾಯಕ್ಕೆ ಬಾಗಿಲು ಹಾಯಾಗಿ ತೆರೆದೇ ಇದೆ.

2021ರಲ್ಲಿ ಈ ಎರಡೂ ಅಪಾಯಗಳು ಸೇರಿಕೊಂಡವು. ಆ ವರ್ಷವನ್ನು ಚಾಮರಾಜನಗರ ಮರೆಯಲಾರದು. ಮೇ 2ರ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೊರೊನಾ ರೋಗಿಗಳಿಗೆ ಆಮ್ಲಜನಕ ಮುಗಿಯಿತು. ಸತ್ತದ್ದು ಮೂವರು ಎಂದು ಸರ್ಕಾರ ಮೊದಲು ಲೆಕ್ಕ ಕೊಟ್ಟಿತು. ಆಮ್ಲಜನಕವಿಲ್ಲದೆ ಸತ್ತವರು 24 ಮಂದಿ ಎಂದು ಹೈಕೋರ್ಟ್ ನೇಮಿಸಿದ್ದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ ಹೇಳಿತು. ಮೈಸೂರು ಕಳಿಸಲಿಲ್ಲವೋ, ಚಾಮರಾಜನಗರ ಹೊತ್ತಿಗೆ ಕೇಳಲಿಲ್ಲವೋ ಎಂದು ಎರಡು ಜಿಲ್ಲೆಗಳು ಒಂದರ ಕಡೆ ಒಂದು ಬೆರಳು ತೋರಿಸಿದವು. ಇದರಲ್ಲಿ ವ್ಯಂಗ್ಯ ಮಾಡಲು ನನಗೆ ಏನೂ ಉಳಿದಿಲ್ಲ. ಅಧಿಕಾರಿಗಳೇ ಮಾಡಿ ಮುಗಿಸಿದ್ದಾರೆ.

ಅದೇ ತಿಂಗಳು ಕಪ್ಪು ಶಿಲೀಂಧ್ರ ಬಂತು. ಕೊರೊನಾದಿಂದ ಬದುಕಿ ಮನೆಗೆ ಬಂದವರ ಮೂಗು ಕಟ್ಟಿತು, ಕೆನ್ನೆ ಮರಗಟ್ಟಿತು, ಮೇಲಿನ ಹಲ್ಲು ಸಾಲಾಗಿ ಅಲುಗಾಡತೊಡಗಿದವು. ಕೊರೊನಾದಲ್ಲಿ ಸ್ಟೀರಾಯ್ಡ್ ಜೀವ ಉಳಿಸುವ ಔಷಧ. ಬೇಕಾದವರಿಗೆ, ಬೇಕಾದಷ್ಟು, ಸಕ್ಕರೆ ನೋಡಿಕೊಂಡು ಕೊಟ್ಟರೆ. ನಾವು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತ್ರೆ ಪಟ್ಟಿ ನೋಡಿಕೊಂಡು ಮನೆಯಲ್ಲೇ ನುಂಗಿದೆವು. ಸಕ್ಕರೆ ಏರಿತು, ಪ್ರತಿರೋಧ ಇಳಿಯಿತು, ಶಿಲೀಂಧ್ರ ಮೂಗಿನ ಪಕ್ಕದ ಗೂಡುಗಳಿಂದ ಮೇಲ್ದವಡೆಗೆ, ಅಲ್ಲಿಂದ ಕಣ್ಣಿಗೆ ನುಗ್ಗಿತು. ರಾಜ್ಯ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಆಂಫೊಟೆರಿಸಿನ್ ಚುಚ್ಚುಮದ್ದಿಗೆ ಜನ ಬೆಂಗಳೂರು, ಮೈಸೂರು ಅಲೆದರು. ಬದುಕಿ ಉಳಿದ ಎಷ್ಟೋ ಮಂದಿಗೆ ಅರ್ಧ ಮೇಲ್ದವಡೆ, ಅಂಗುಳದ ಸಮೇತ, ತೆಗೆಯಬೇಕಾಯಿತು. ಅಂಗುಳ ಇಲ್ಲದಿದ್ದರೆ ಕುಡಿದ ಗಂಜಿ ಮೂಗಿನಿಂದ ಬರುತ್ತದೆ, ಆಡಿದ ಮಾತು ಗಾಳಿಯಾಗಿ ಹೋಗುತ್ತದೆ. ಮೇಲಿನ ಹಲ್ಲು ಹೋದವರಲ್ಲಿ ಕೆಲವರ ಕಣ್ಣೂ ಹೋಯಿತು. ಅಜ್ಜಿಯರ ಮಾತು ನಿಜವಾಯಿತು, ಆದರೆ ಹಲ್ಲು ಕಿತ್ತದ್ದರಿಂದ ಅಲ್ಲ.

ಆಗ ಜನ ಯಾರನ್ನು ಹಿಡಿದರು ಗೊತ್ತೆ? ಈರುಳ್ಳಿಯನ್ನು. ಫ್ರಿಜ್ಜಿನಲ್ಲಿಟ್ಟ ಈರುಳ್ಳಿಯ ಸಿಪ್ಪೆಯ ಮೇಲಿನ ಕಪ್ಪು ಪುಡಿಯೇ ಕಪ್ಪು ಶಿಲೀಂಧ್ರ ಎಂದು ದೇಶವಿಡೀ ಸಂದೇಶ ಹರಿದಾಡಿತು. ಸಾಂಬಾರ್ ಈರುಳ್ಳಿ ಬೆಳೆದು ತಮಿಳುನಾಡಿಗೆ ಲಾರಿ ತುಂಬಿಸಿ ಕಳಿಸುವ ಗುಂಡ್ಲುಪೇಟೆಯ ರೈತ ಅದನ್ನು ಓದಿ ಏನೆಂದುಕೊಂಡಿರಬೇಕು! ದವಡೆ ತಿಂದದ್ದು ಸ್ಟೀರಾಯ್ಡೂ ಸಕ್ಕರೆಯೂ ಸೇರಿ, ಅಪವಾದ ಹೊತ್ತದ್ದು ಈರುಳ್ಳಿ. ಬೆಲೆ ಇಳಿಯಲು ಅದಕ್ಕೆ ಬೇರೆ ಕಾರಣಗಳು ಬೇಕಿರಲಿಲ್ಲವೇನೋ.

ದವಡೆ ಮೂಳೆ ಹೀಗೆ ಕೊಳೆತು ಬೀಳುವುದು ಲೋಕಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದ ಹುಡುಗಿಯರಿಗೆ ಇದೇ ಆಗುತ್ತಿತ್ತು. ವಿಯೆನ್ನಾದ ಲೊರಿನ್ಸರ್ ಎಂಬ ವೈದ್ಯ 1845ರಲ್ಲೇ ಬರೆದಿಟ್ಟ. ಕೆಂಪು ರಂಜಕ ಬಳಸಿದರೆ ಅಪಾಯವಿಲ್ಲವೆಂದು ಮಾಲೀಕರಿಗೆ ಗೊತ್ತಿತ್ತು, ಅದು ತುಟ್ಟಿಯೆಂಬುದೂ ಗೊತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿ ಗೆದ್ದರೂ ಬಿಳಿ ರಂಜಕ ಹೋಗಲು ಇನ್ನೂ ಎರಡು ದಶಕ ಬೇಕಾಯಿತು. 1906ರಲ್ಲಿ ಬರ್ನ್ ನಗರದಲ್ಲಿ ಒಪ್ಪಂದ, 1913ರಲ್ಲಿ ನಮ್ಮ ದೇಶದಲ್ಲೂ ಬಿಳಿ ರಂಜಕದ ಬೆಂಕಿಕಡ್ಡಿ ನಿಷೇಧ ಕಾಯ್ದೆ.

ಅಲ್ಲಿಂದ ತೊಂಬತ್ತು ವರ್ಷ ಈ ದವಡೆ ರೋಗ ಪಾಠಪುಸ್ತಕದೊಳಗೆ ಮಲಗಿತ್ತು. 2003ರಲ್ಲಿ ಮಯಾಮಿಯ ಬಾಯಿ ದವಡೆಯ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ತಮ್ಮ 36 ರೋಗಿಗಳ ವಿವರ ಪ್ರಕಟಿಸಿ, ಮೂಳೆಯ ಔಷಧವೇ ದವಡೆಯನ್ನು ಸಾಯಿಸುತ್ತಿದೆ ಎಂದರು. ಹೊಸ ಔಷಧದ ಅಣುವಿನಲ್ಲೂ ರಂಜಕ ಇತ್ತು. ಹಳೆಯ ಮಾರ್ಕ್ಸ್‌ನ ಕಾಲದಲ್ಲಿ ಬಡವರ ಹುಡುಗಿಯರ ದವಡೆ ಬಿತ್ತು, ಹೊಸ ಮಾರ್ಕ್ಸ್ ಕಾಲದಲ್ಲಿ ವರ್ಗಭೇದ ಅಳಿಸಿತು. ವ್ಯತ್ಯಾಸ ಒಂದೇ: ಬೆಂಕಿಕಡ್ಡಿಯ ಹುಡುಗಿಗೆ ತಾನು ಏನು ಕುಡಿಯುತ್ತಿದ್ದೇನೆ ಎಂದು ಗೊತ್ತಿತ್ತು.

ಇಲ್ಲಿಗೆ ಬಂದಾಗ ಒಬ್ಬ ಓದುಗರಾದರೂ ಅವ್ವನ ಮಾತ್ರೆ ಪಟ್ಟಿ ತೆಗೆದು ಚರಂಡಿಗೆ ಎಸೆಯಲು ಹೊರಟಿರುತ್ತಾರೆ. ದಯವಿಟ್ಟು ಕೂರಿ. ಮೂಳೆ ಸವೆತಕ್ಕೆ ವಾರದ ಮಾತ್ರೆಯನ್ನೋ ವರ್ಷದ ಡ್ರಿಪ್ಪನ್ನೋ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಹತ್ತು ಸಾವಿರಕ್ಕೆ ಎರಡರಿಂದ ಐದು ಮಂದಿಗೆ ಎಂದು ಅಮೆರಿಕದ ಬಾಯಿ ದವಡೆ ಶಸ್ತ್ರವೈದ್ಯರ ಸಂಘ 2022ರಲ್ಲಿ ಅಂದಾಜು ಕೊಟ್ಟಿದೆ. ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದಲ್ಲಿ ಪಡೆಯುವವರಲ್ಲಿ ಮಾತ್ರ ಅದು ನೂರಕ್ಕೆ ಕೆಲವರು ಎಂಬ ಮಟ್ಟಕ್ಕೆ ಏರುತ್ತದೆ. ಸೊಂಟ ಮುರಿದು ಹಾಸಿಗೆ ಹಿಡಿಯುವ ಮುದುಕಿಯರ ಸಂಖ್ಯೆಯ ಮುಂದೆ ಹತ್ತು ಸಾವಿರಕ್ಕೆ ಐದು ಏನೇನೂ ಅಲ್ಲ. ಆರು ತಿಂಗಳ ಡೆನೋಸುಮ್ಯಾಬ್ ಸೂಜಿಯನ್ನಂತೂ ಡಾಕ್ಟರನ್ನು ಕೇಳದೆ ಬಿಟ್ಟರೆ ತಡೆದಿಟ್ಟ ಸವೆತ ಒಮ್ಮೆಗೇ ನುಗ್ಗಿ ಬೆನ್ನಿನ ಮಣಿಗಳು ಸಾಲಾಗಿ ಕುಸಿಯಬಹುದು. ಔಷಧ ಕೊಡುವಾಗ ಏನೂ ಕೇಳದಿರುವುದು, ಭಯ ಹುಟ್ಟಿದ ಮೇಲೆ ಯಾರನ್ನೂ ಕೇಳದೆ ಬಿಡುವುದು, ಎರಡೂ ಒಂದೇ ಜಾತಿಯ ಸೋಮಾರಿತನ.

ಮಾಡಬೇಕಾದದ್ದು ಅಂಥ ಘನಂದಾರಿ ಕೆಲಸವೇನಲ್ಲ. ಔಷಧ ಶುರು ಮಾಡುವ ಮೊದಲು ಒಮ್ಮೆ ಹಲ್ಲು ತೋರಿಸುವುದು. ಆಗಲೇ ಶುರುವಾಗಿದ್ದರೆ ಹಲ್ಲಿನವರಿಗೆ ಔಷಧದ ಹೆಸರು ಹೇಳುವುದು. ಸಾಧ್ಯವಾದರೆ ಕೀಳುವ ಬದಲು ಬೇರಿನ ಚಿಕಿತ್ಸೆ ಮಾಡಿಸುವುದು. ಕಿತ್ತ ಗುಳಿ ವಾರಗಟ್ಟಲೆ ಮಾಗದಿದ್ದರೆ ಮತ್ತೊಂದು ಕೆಂಪು ಮಾತ್ರೆ ನುಂಗುವ ಬದಲು ದವಡೆಯ ಶಸ್ತ್ರವೈದ್ಯರ ಹತ್ತಿರ ಹೋಗುವುದು. ಇದಕ್ಕೆ ಹೊಸ ಕಟ್ಟಡ ಬೇಡ. ಕಟ್ಟಡಕ್ಕೇನು ಕೊರತೆ? 2021ರ ಅಕ್ಟೋಬರ್‌ನಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರೇ ಚಾಮರಾಜನಗರಕ್ಕೆ ಬಂದು ವೈದ್ಯಕೀಯ ಕಾಲೇಜಿನ 450 ಹಾಸಿಗೆಯ ಆಸ್ಪತ್ರೆ ಉದ್ಘಾಟಿಸಿ ಹೋಗಿದ್ದಾರೆ. ಬೇಕಾಗಿರುವುದು ಹೊರರೋಗಿ ಚೀಟಿಯಲ್ಲಿ ಒಂದು ಸಾಲು: ಮೂಳೆಗೆ ಮಾತ್ರೆ, ಸೂಜಿ ಏನಾದರೂ? ಆ ಒಂದು ಸಾಲಿಗೆ ಟೆಂಡರು ಕರೆಯಲಾಗುವುದಿಲ್ಲ, ಕಮಿಷನ್ ಬರುವುದಿಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸಲಾಗುವುದಿಲ್ಲ. ಆದ್ದರಿಂದ ಅದು ಕಷ್ಟ.

ಸರ್ಕಾರ ಹಲ್ಲನ್ನು ಪೂರ್ತಿ ಮರೆತಿದೆ ಎಂದರೆ ಅನ್ಯಾಯವಾದೀತು. ಭಾಗ್ಯಗಳ ಸುಗ್ಗಿಯಲ್ಲಿ ದಂತಭಾಗ್ಯವೂ ಬಂದಿತ್ತು, ಬಡ ಕುಟುಂಬದ ಹಿರಿಯರಿಗೆ ಪುಕ್ಕಟೆ ಹಲ್ಲುಸೆಟ್ಟು. ಒಳ್ಳೆಯ ಯೋಜನೆ, ಸಂದೇಹವಿಲ್ಲ. ಆದರೆ ಮೂಳೆ ಔಷಧ ನುಂಗುವವರ ವಸಡನ್ನು ಸರಿಯಾಗಿ ಕೂರದ ಹಲ್ಲುಸೆಟ್ಟು ಉಜ್ಜಿ ಉಜ್ಜಿ ಗಾಯ ಮಾಡಿದರೆ ಹಲ್ಲು ಕೀಳದೆಯೂ ಇದೇ ರೋಗ ಬರಬಹುದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹಿಂದಿನವರು ಗೋಳಾಡಿದರು. ಅನ್ನಭಾಗ್ಯ ಅಕ್ಕಿ ಕೊಟ್ಟಿತು, ದಂತಭಾಗ್ಯ ಹಲ್ಲು ಕೊಟ್ಟಿತು. ಹಲ್ಲು ಕೂರಿಸಲು ದವಡೆ ಬೇಕಾಗುತ್ತದೆ ಎಂಬುದು ಮುಂದಿನ ಪ್ರಣಾಳಿಕೆಗೆ.

ನಮ್ಮ ಅವ್ವನ ಕತೆ ಎಲ್ಲಿಗೆ ಬಂತು? ಮೈಸೂರಿಗೆ ಬರೆದುಕೊಟ್ಟರು. ಸತ್ತ ಮೂಳೆಯ ಚೂರು ತೆಗೆದು, ಕೀವು ತೊಳೆದು, ಹೊಲಿಗೆ ಹಾಕಿದರು. ಬಾಯಿ ಮುಕ್ಕಳಿಸಲು ಔಷಧ, ಹತ್ತು ದಿನದ ಮಾತ್ರೆ. ಮೂಳೆ ಮಾತ್ರೆಯ ಬಗ್ಗೆ ಮೂಳೆ ಡಾಕ್ಟರನ್ನು ಕೇಳಿ ಎಂದು ಚೀಟಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆದರು, ಅವ್ವ ಆ ಚೀಟಿಯನ್ನು ಕವರಿನೊಳಗೆ ಹಾಕಿಕೊಂಡಳು. ತಿಂಗಳು ಕಳೆಯಿತು. ಶನಿವಾರ ಸಂಜೆ ಸಂತೆ ಮುಗಿಸಿಕೊಂಡು, ಮುಖಕ್ಕೆ ಸೆರಗು ಅಡ್ಡ ಹಿಡಿದು ಮೆಡಿಕಲ್ ಸ್ಟೋರಿನ ಮುಂದೆ ನಿಂತಿದ್ದಾಳೆ.

“ಭಾನ್ವಾರದ್ ಮಾತ್ರ ಕೊಡಪ್ಪ.”

ಹುಡುಗ ಒಳಗೆ ತಿರುಗಿಯೂ ನೋಡಲಿಲ್ಲ. ಅವನ ಕೈಗೆ ಜಾಗ ಗೊತ್ತು.

“ಒಂದ್ ಪಟ್ಟೀಲಿ ನಾಕೇ ಇರದು ಅವ್ವ. ಎರಡು ಪಟ್ಟಿ ತಗಂಡೋಗು, ಬತ್ತ ಬತ್ತ ರೇಟು ಜಾಸ್ತಿಯಾಯ್ತದ.”